ಗಂಜಿ ಹಚ್ಚಿದ ಹಾಳೆ

ಹೊಳೆ ತಿರುವು ತೆಗೆದುಕೊಳ್ಳುವ ಕಡೆ ಒಂದು ಆಶ್ರಮವಿತ್ತು. ಆಶ್ರಮ ಅಂದ ಕೂಡಲೇ ಜಟೆ, ಜಿಂಕೆ, ಹೋಮದ ಹೊಗೆ ಅಂತೆಲ್ಲ ಕಣ್ಣಿಗೆ ತಂದುಕೊಳ್ಳಬೇಡಿ. ಎರಡು ಹೆಂಚಿನ ಕೋಣೆ, ಒಂದು ಜಗಲಿ, ನೀರಿಗೆ ಇಳಿಯಲು ಮೆಟ್ಟಿಲು. ಅಷ್ಟೇ.

ಅಲ್ಲಿ ಅಚ್ಯುತಯ್ಯ ಅಂತ ಒಬ್ಬ ಗುರುಗಳಿದ್ದರು. ಮಾತು ಕಡಿಮೆ. ಆಡಿದರೆ ಕೇಳಿದವರಿಗೆ ನಗು ಬರುತ್ತಿತ್ತು, ಇಲ್ಲವೇ ಮೈ ಉರಿಯುತ್ತಿತ್ತು.

ಅಂಬುಜಾಕ್ಷಿ ಅವರ ಶಿಷ್ಯೆ. ತಲೆ ಅರ್ಧ ನೆರೆತಿತ್ತು. ಅಪ್ಪ ಹೋಗಿ, ಅಮ್ಮನೂ ಹೋದ ಮೇಲೆ ಆಶ್ರಮ ಸೇರಿದವಳು. ಬರುವಾಗ ಬಟ್ಟೆಬರೆಯ ಜೊತೆ ಒಂದು ಇಂಕ್ ಪೆನ್ನು ತಂದಿದ್ದಳು.

ಪೆನ್ನು ಅವಳದಲ್ಲ, ಅಣ್ಣ ನರಹರಿಯದು.

ನರಹರಿ ಅಪ್ಪನ ಜೊತೆ ಮಾತಿಗೆ ಮಾತು ಬೆಳೆಸಿಕೊಂಡು ಒಂದು ಬೆಳಿಗ್ಗೆ ಮನೆ ಬಿಟ್ಟು ಹೋದವನು. ಪೆನ್ನು ಮೇಜಿನ ಮೇಲೇ ಉಳಿದಿತ್ತು. ಸಂಜೆಗೆ ಬರ್ತಾನೆ ಬಿಡು ಅಂದರು ಎಲ್ಲರೂ. ಬರಲಿಲ್ಲ. ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಅಂಬುಜಾಕ್ಷಿಗೆ ಇದ್ದದ್ದು ಒಂದೇ ಆಸೆ. ಅವನು ಹೋದ ಮೇಲೆ ಮನೆಯಲ್ಲಿ ನಡೆದದ್ದನ್ನೆಲ್ಲ ಅವನದೇ ಪೆನ್ನಿನಲ್ಲಿ ಬರೆದಿಡಬೇಕು. ಎಂದಾದರೂ ಬಂದರೆ ಅವನು ಓದಬೇಕು. ಆ ಹೊತ್ತಿಗೆ ತಾನು ಇಲ್ಲದೆ ಹೋದರೂ ಓದಬೇಕು.

ಅದಕ್ಕೆ ಒಳ್ಳೆಯ ನೋಟ್‌ಬುಕ್ ಬೇಕಿತ್ತು. ಪೇಟೆಗೆ ಹೋಗುವವರಿಗೆಲ್ಲ ಹೇಳಿ ಒಂದು ತರಿಸಿದಳು. ಪೆನ್ನಿಗೆ ಶಾಯಿ ತುಂಬಿಸಿ, ಮೊದಲ ಹಾಳೆಯಲ್ಲಿ ಒಂದು ಸಾಲು ಶುರುಮಾಡಿದಳು. ಅರ್ಧಕ್ಕೇ ನಿಲ್ಲಿಸಿ ಮುಖ ಸಿಂಡರಿಸಿಕೊಂಡಳು.

“ಏನಾಯ್ತು?” ಅಂದರು ಗುರುಗಳು.

“ಶಾಯಿ ಹರಡುತ್ತೆ ಗುರುಗಳೇ. ನೋಡಿ, ಒಂದೊಂದು ಅಕ್ಷರಕ್ಕೂ ಮೀಸೆ ಬಂದಿದೆ.”

“ನನಗೂ ಬಂದಿದೆ. ಅಷ್ಟಕ್ಕೇ ನನ್ನನ್ನ ಎತ್ತಿಡ್ತೀಯಾ?”

ಅವಳು ನಗಲಿಲ್ಲ. ನೋಟ್‌ಬುಕ್ಕನ್ನು ಗೂಡಿನಲ್ಲಿಟ್ಟಳು.

ಇನ್ನೊಂದು ಬಂತು. ಅದರಲ್ಲಿ ಶಾಯಿ ಹರಡಲಿಲ್ಲ, ಆದರೆ ಹಾಳೆಯ ಹಿಂದಕ್ಕೆ ಇಳಿಯಿತು. ಒಂದು ಮಗ್ಗುಲಲ್ಲಿ ಬರೆದರೆ ಇನ್ನೊಂದು ಮಗ್ಗುಲು ದಂಡ. ಅದೂ ಗೂಡು ಸೇರಿತು.

ಮತ್ತೊಂದು ನುಣುಪೋ ನುಣುಪು. ನಿಬ್ಬು ಜಾರಿ, ಅಕ್ಷರಗಳು ಅಲ್ಲಲ್ಲಿ ಕಾಣೆಯಾದವು. ಆಮೇಲೆ ಬಂದದ್ದು ಹಾಳೆ ಪರವಾಗಿಲ್ಲ, ಆದರೆ ಬೆನ್ನಿಗೆ ಬರೀ ಗೋಂದು ಹಾಕಿದ್ದರು. ಬಿಚ್ಚಿ ಅಂಗಾತ ಮಲಗಿಸಿದರೆ ಹಾಳೆಗಳು ಒಂದೊಂದಾಗಿ ಕೈಗೆ ಬಂದವು.

“ಇದಕ್ಕೇನಾಗಿದೆ?” ಇನ್ನೂ ಒಂದನ್ನು ತೋರಿಸಿ ಗುರುಗಳು ಕೇಳಿದರು. “ಹೊಲಿಗೆ ಇದೆ. ದಪ್ಪ ಹಾಳೆ.”

“ಅಂಚು ನೋಡಿ, ಈಗಲೇ ಹಳದಿ. ಅಣ್ಣ ಬರೋ ಹೊತ್ತಿಗೆ ಪುಡಿಪುಡಿ ಆಗಿರುತ್ತೆ.”

“ಯಾವಾಗ ಬರ್ತಾನಂತೆ?”

ಅವಳು ಅದನ್ನೂ ಗೂಡಿಗೆ ಸೇರಿಸಿದಳು. ಕೇಳಬಾರದಿತ್ತು ಅಂತ ಗುರುಗಳಿಗೂ ಅನ್ನಿಸಿತು. ಎದ್ದು ಹೊಳೆಯ ಕಡೆ ಹೋದರು.

ಪದ್ಮನಾಭ ಅಂತ ಇನ್ನೊಬ್ಬ ಶಿಷ್ಯನಿದ್ದ. ಬಾಯಿ ಸುಮ್ಮನಿರುವ ಜಾತಿಯಲ್ಲ. ಊಟಕ್ಕೆ ಕೂತಾಗ ಶುರುಮಾಡಿದ.

“ಅಲ್ಲ ಅಂಬುಜಕ್ಕ, ಬರೆಯೋರಿಗೆ ಯಾವ ಹಾಳೆ ಆದ್ರೇನು? ಮನಸ್ಸಿದ್ರೆ ಸಾಕಪ್ಪ. ಗೋಡೆ ಮೇಲೂ ಬರೀಬಹುದು. ನೀವು ಮದುವೆಗೆ ಗಂಡು ನೋಡಿದ ಹಾಗೆ ನೋಟ್‌ಬುಕ್ ನೋಡ್ತೀರಲ್ಲ!”

ಗುರುಗಳು ಆ ದಿನ ತಾವೇ ಬಡಿಸಲು ಎದ್ದರು. ಪದ್ಮನಾಭನ ಮುಂದೆ ಕಡ್ಡಿ ಕಿತ್ತುಹೋದ ಮುತ್ತುಗದ ಎಲೆ ಹಾಕಿದರು. ಅನ್ನ ಬಿತ್ತು. ಸಾರು ಬಿತ್ತು. ಸಾರು ಎಲೆಯಲ್ಲಿ ನಿಲ್ಲದೆ ಅವನ ಪಂಚೆಯ ಕಡೆ ಹೊರಟಿತು.

“ಅಯ್ಯಯ್ಯೋ! ಗುರುಗಳೇ, ಎಲೆ ಬಿಟ್ಟುಕೊಂಡಿದೆ! ಬೇರೆ ಕೊಡಿ!”

“ಮನಸ್ಸಿದ್ರೆ ಸಾಕಪ್ಪ. ಉಣ್ಣು.”

ಅಂಬುಜಾಕ್ಷಿ ಬಹಳ ದಿನಗಳ ಮೇಲೆ ನಕ್ಕಳು. ಪದ್ಮನಾಭ ಮತ್ತೆಂದೂ ಹಾಳೆಯ ಸುದ್ದಿಗೆ ಹೋಗಲಿಲ್ಲ.

ಆದರೆ ಗುರುಗಳು ಸುಮ್ಮನಾಗಲಿಲ್ಲ. ಅವಳು ಬಟ್ಟೆ ಒಗೆಯಲು ಹೊಳೆಗೆ ಇಳಿದಿದ್ದಾಗ ಗೂಡಿನ ಮುಂದೆ ಕೂತು ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತೆರೆದು ನೋಡಿದರು. ಎಲ್ಲದರಲ್ಲೂ ಮೊದಲ ಹಾಳೆಯಲ್ಲಿ ಒಂದೇ ಬರಹ.

ಅಣ್ಣಾ, ನೀನು ಹೋದ ಮೇಲೆ

ಹರಡಿದ ಹಾಳೆಯಲ್ಲೂ ಅಷ್ಟೇ, ಇಳಿದ ಹಾಳೆಯಲ್ಲೂ ಅಷ್ಟೇ, ಹಳದಿ ಹಾಳೆಯಲ್ಲೂ ಅಷ್ಟೇ. ಅಲ್ಲಿಂದ ಮುಂದಕ್ಕೆ ಒಂದಕ್ಷರವೂ ಇರಲಿಲ್ಲ.

ಅವಳು ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಬಂದಳು. ಗೂಡಿನ ಮುಂದೆ ಗುರುಗಳನ್ನು ಕಂಡು ಅಲ್ಲೇ ನಿಂತಳು.

“ಅಂಗಡೀಲಿ ಒಳ್ಳೇದು ಸಿಗಲ್ಲ, ಅಲ್ವಾ?” ಅಂದರು ಗುರುಗಳು.

“ಸಿಗಲ್ಲ ಗುರುಗಳೇ.”

“ಹಾಗಾದ್ರೆ ಮಾಡು. ಹೋಗು, ಗಂಜಿ ಕಾಯಿಸು.”

ಅವಳಿಗೆ ಅರ್ಥವಾಗಲಿಲ್ಲ. ಗುರುಗಳು ಹೇಳಿಕೊಟ್ಟರು. ಹಿಂದೆ ಮಠದಲ್ಲಿ ಬರೆಯುವವರು ಹಾಳೆಯನ್ನು ಹೀಗೇ ಪಳಗಿಸುತ್ತಿದ್ದರಂತೆ. ಅಕ್ಕಿ ಗಂಜಿ ತೆಳ್ಳಗೆ ಸೋಸಿ, ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ ಬೆರೆಸಬೇಕು. ಬಿಡಿ ಹಾಳೆಯ ಎರಡೂ ಮಗ್ಗುಲಿಗೆ ಸವರಿ ನೆರಳಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಹಲಗೆಯ ಮೇಲೆ ಹಾಸಿ ಕವಡೆಯಿಂದ ಉಜ್ಜಬೇಕು.

“ಎಷ್ಟು ಹೊತ್ತು ಉಜ್ಜಬೇಕು?”

“ಅದು ಸಾಕು ಅನ್ನೋವರೆಗೆ.”

“ಹಾಳೆ ಹೇಗೆ ಹೇಳುತ್ತೆ ಗುರುಗಳೇ?”

“ನಿನ್ನ ಕೈ ಕೇಳಿಸಿಕೊಳ್ಳುತ್ತೆ. ನೀನು ಸುಮ್ಮನೆ ಉಜ್ಜು.”

ಮೊದಲ ಸಲ ಗಂಜಿ ಮಂದವಾಗಿ, ಹಾಳೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಎರಡನೆಯ ಸಲ ಆತುರಪಟ್ಟು ಬಿಸಿಲಿಗೆ ಹಾಕಿದಳು, ಅದು ಬಿರಿಯಿತು. ಅಂಬುಜಾಕ್ಷಿ ಹಠಮಾರಿ. ಮತ್ತೆ ಗಂಜಿ ಕಾಯಿಸಿದಳು. ಜಗಲಿಯ ತುಂಬ ಹಗ್ಗ ಕಟ್ಟಿ ಹಾಳೆ ತೂಗುಹಾಕಿದಳು. ಪದ್ಮನಾಭ ತಲೆ ಬಗ್ಗಿಸಿ ಓಡಾಡಬೇಕಾಯಿತು. ಪಾಪ, ಗೊಣಗಲಿಲ್ಲ.

ಹೊಳೆಯ ನೀರು ಇಳಿದು ಬಂಡೆಗಳು ಕಾಣಿಸಿಕೊಳ್ಳುವ ಹೊತ್ತಿಗೆ ಅವಳ ಕೈ ಪಳಗಿತ್ತು. ಹಾಳೆಗಳನ್ನು ಮಡಚಿ, ದಾರ ಹಾಕಿ ಹೊಲಿದು, ಹಳೆಯ ಸೀರೆಯ ಅಂಚಿನಿಂದ ಬೆನ್ನು ಕಟ್ಟಿದಳು. ತೆರೆದರೆ ಪುಸ್ತಕ ಅಂಗಾತ ಮಲಗುತ್ತಿತ್ತು. ಇನ್ನೊಂದಿಷ್ಟು ಹಾಳೆ ಉಜ್ಜುವುದಕ್ಕೆ ಉಳಿದಿದ್ದವು. ಅವು ಎರಡನೆಯ ಪುಸ್ತಕಕ್ಕೆ ಅಂದಳು.

ಮಧ್ಯಾಹ್ನದ ಊಟ ಮುಗಿಸಿ ಪುಸ್ತಕ, ಪೆನ್ನು ಹಿಡಿದು ಜಗಲಿಗೆ ಬಂದಳು. ಗುರುಗಳು ಕಂಬಕ್ಕೆ ಒರಗಿ ಕೂತಿದ್ದರು. ಪದ್ಮನಾಭ ಸೌದೆಗೆ ಹೋಗಿದ್ದ.

ಅವಳು ಬರೆದಳು.

ಅಣ್ಣಾ, ನೀನು ಹೋದ ಮೇಲೆ

ನಿಬ್ಬು ನಿಂತಿತು.

“ಶಾಯಿ ಹರಡಿತಾ?” ಗುರುಗಳು ಕೇಳಿದರು.

“ಇಲ್ಲ.”

“ಹಿಂದಕ್ಕೆ ಇಳೀತಾ?”

ಅವಳು ಹಾಳೆ ಮಗುಚಿ ನೋಡಿದಳು. “ಇಲ್ಲ.”

“ನಿಬ್ಬು ಜಾರಿತಾ? ಗೀರಿತಾ?”

“ಇಲ್ಲ ಗುರುಗಳೇ.”

“ಮತ್ತೆ?”

ಅವಳು ಹಾಳೆಯನ್ನೇ ನೋಡುತ್ತ ಕೂತಳು. ಹುಡುಕಿದಳು. ಅಂಚು ಮುಟ್ಟಿದಳು, ಹೊಲಿಗೆ ಎಳೆದಳು, ಬೆಳಕಿಗೆ ಹಿಡಿದಳು. ಕೊನೆಗೆ ಪುಸ್ತಕ ಕೆಳಗಿಟ್ಟಳು.

“ತಪ್ಪೇ ಇಲ್ಲ ಈ ಹಾಳೇಲಿ! ನಾನೀಗ ಏನು ಮಾಡಲಿ ಗುರುಗಳೇ?”

ಅಷ್ಟು ಹೇಳಿ ಅಳಲು ಶುರುಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಷ್ಟು ದಿನ ದೂರಲು ಒಂದು ಹಾಳೆಯಾದರೂ ಇತ್ತು.

ಗುರುಗಳು ಸಮಾಧಾನ ಹೇಳಲಿಲ್ಲ. ಉಳಿದಿದ್ದ ಹಾಳೆಗಳಲ್ಲಿ ಒಂದನ್ನು ಎಳೆದುಕೊಂಡು ಹಲಗೆಯ ಮೇಲೆ ಹಾಸಿ, ಕವಡೆ ತೆಗೆದುಕೊಂಡರು. ಅವಳಿಗೆ ಬೆನ್ನು ಮಾಡಿ ಕೂತು ಉಜ್ಜತೊಡಗಿದರು.

“ನೀನು ಹೇಳು,” ಅಂದರು. “ನಾನು ಇದನ್ನ ಉಜ್ಜುತೀನಿ. ನಿನ್ನ ಮುಖ ನೋಡೋದಿಲ್ಲ.”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅವಳು ಬಾಯಿ ಬಿಟ್ಟಳು.

“ಅಪ್ಪ ಹೋಗಿದ್ದನ್ನ ಹೇಗೋ ಬರೀಬಹುದು ಗುರುಗಳೇ. ಅಮ್ಮಂದು ಆಗಲ್ಲ.”

“ಹೂಂ.”

“ಕೊನೆಕೊನೆಗೆ ಅಮ್ಮನಿಗೆ ಯಾರ ಗುರುತೂ ಹತ್ತುತಿರಲಿಲ್ಲ. ನನ್ನದೂ. ನೀನು ಯಾರ ಮಗಳಮ್ಮ ಅಂತ ನನ್ನನ್ನೇ ಕೇಳೋಳು. ಅವನ ಹೆಸರು ಮಾತ್ರ ಬಾಯಲ್ಲಿ ಉಳಿದಿತ್ತು. ನರಹರಿ ಬಂದನಾ, ನರಹರಿ ಬಂದನಾ. ಬೆಳಗಾದ್ರೆ ಅದೇ, ಬೈಗಾದ್ರೆ ಅದೇ. ಇಲ್ಲಮ್ಮ, ಇಲ್ಲಮ್ಮ ಅಂತ ಹೇಳಿ ಹೇಳಿ ನನಗೆ ಸಾಕಾಗಿ ಹೋಯ್ತು.”

ಕವಡೆ ಓಡುತ್ತಲೇ ಇತ್ತು.

“ಒಂದು ದಿನ ತಡೀಲಾರದೆ ಅಂದುಬಿಟ್ಟೆ. ಬಂದಿದಾನಮ್ಮ, ಹಿತ್ತಲಲ್ಲಿ ಕೈಕಾಲು ತೊಳೀತಿದಾನೆ ಅಂತ.”

“ಆಮೇಲೆ?”

“ಅಮ್ಮ ನಕ್ಕಳು ಗುರುಗಳೇ. ಆ ನಗು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಟವೆಲ್ ಕೊಟ್ಟೆಯಾ ಅಂತ ಕೇಳಿದಳು. ಕೊಟ್ಟೆ ಅಂದೆ. ಬಾಗಿಲ ಕಡೆಗೆ ಮಗ್ಗುಲಾಗಿ ಮಲಗಿದಳು. ಅವನು ಈಗ ಒಳಗೆ ಬರ್ತಾನೆ, ಈಗ ಬರ್ತಾನೆ ಅಂತ ನೋಡ್ತಾ ನೋಡ್ತಾ ಹಾಗೇ ಹೋಗಿಬಿಟ್ಟಳು.”

ಕವಡೆ ನಿಂತಿತು.

“ಇದನ್ನ ಓದಿದ್ರೆ ಅವನು ಸತ್ತೇ ಹೋಗ್ತಾನೆ. ಹಾಗಂತ ಬರೀದೆ ಬಿಟ್ರೆ ಅಮ್ಮ ಎಷ್ಟು ಕಾದಳು ಅನ್ನೋದು ಅವನಿಗೆ ಗೊತ್ತೇ ಆಗಲ್ಲ. ನನ್ನ ಬಿಟ್ರೆ ಹೇಳೋರು ಯಾರಿದಾರೆ? ನನಗೆ ಅವನು ಬೇಕು ಗುರುಗಳೇ. ಬಂದು ನನ್ನನ್ನ ಬೈದರೂ ಸರಿ, ಒಂದು ಸಲ ಬರಲಿ.”

ಗುರುಗಳು ತಿರುಗಲಿಲ್ಲ. ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಅವರಿಗೂ ಒಬ್ಬ ತಾಯಿ ಇದ್ದಳು, ಅವರೂ ಒಂದು ದಿನ ಮನೆ ಬಿಟ್ಟು ಬಂದವರೇ.

“ಈಗ ಹೇಳಿದ್ಯಲ್ಲ,” ಅಂದರು. “ಹೀಗೇ ಬರಿ.”

“ಹೀಗೇನಾ? ಒಂದಿಷ್ಟು ಚೆನ್ನಾಗಿ, ಅವನ ಮನಸ್ಸಿಗೆ ನೋವಾಗದ ಹಾಗೆ...”

“ನೀವಿಬ್ಬರೂ ಚಿಕ್ಕವರಿದ್ದಾಗ ನೀನು ಅವನ ಹತ್ತಿರ ಚೆನ್ನಾಗಿ ಮಾತಾಡ್ತಿದ್ಯಾ?”

“ಎಲ್ಲಿ ಬಂತು! ಜುಟ್ಟು ಜುಟ್ಟು ಹಿಡ್ಕೋತಿದ್ವಿ.”

“ಮತ್ತೆ ಈಗ ಹೊಸಬಳ ಹಾಗೆ ಬರೆದ್ರೆ ಇದು ನಮ್ಮ ಅಂಬುಜ ಅಂತ ಅವನಿಗೆ ಗುರುತು ಹತ್ತೋದು ಹೇಗೆ?”

ಅವಳು ಮೂಗು ಒರೆಸಿಕೊಂಡು ಪೆನ್ನು ಹಿಡಿದಳು. ನಿಬ್ಬು ಒಣಗಿತ್ತು. ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡಳು. ಅಣ್ಣನೂ ಹಾಗೇ ಮಾಡುತ್ತಿದ್ದ. ತುಟಿ ನೀಲಿಯಾಯಿತು.

ಬರೆದಳು. ಅಪ್ಪನ ಸಿಟ್ಟು ಎರಡೇ ದಿನಕ್ಕೆ ಇಳಿದದ್ದು, ಆಮೇಲೆ ದಿನಾ ಬಸ್ ಬರುವ ಹೊತ್ತಿಗೆ ಏನೋ ನೆಪ ಹೇಳಿ ನಿಲ್ದಾಣದ ಕಡೆ ಹೋಗಿ ಬರುತ್ತಿದ್ದದ್ದು ಬರೆದಳು. ಅಮ್ಮ ಹಬ್ಬಕ್ಕೆಲ್ಲ ಅವನಿಗೂ ಒಂದು ಎಲೆ ಹಾಕುತ್ತಿದ್ದದ್ದು ಬರೆದಳು. ನಡುವೆ ಅವನನ್ನು ಬಾಯಿಗೆ ಬಂದ ಹಾಗೆ ಬೈದು ಬರೆದಳು. ಕೊನೆಗೆ ಟವೆಲ್ಲಿನ ಮಾತನ್ನೂ ಬರೆದಳು. ಅಲ್ಲಿ ಅಕ್ಷರ ಸೊಟ್ಟಗಾಯಿತು. ನಿಲ್ಲಿಸಲಿಲ್ಲ.

ಅವಳು ತಲೆ ಎತ್ತಿದಾಗ ಬಿಸಿಲು ಆಚೆ ದಂಡೆಗೆ ಸರಿದಿತ್ತು. ಪದ್ಮನಾಭ ಸೌದೆ ಇಳಿಸಿ, ಇವರಿಬ್ಬರನ್ನು ಕಂಡು, ಸದ್ದು ಮಾಡದೆ ಒಳಗೆ ಹೋಗಿದ್ದ.

ಅವಳು ಪೆನ್ನಿಗೆ ಟೋಪಿ ಹಾಕಿದಳು. ಒಂದು ಸಲ ಹೊಳೆಯ ಆಚೆಯ ದಾರಿ ನೋಡಿದಳು. ದಾರಿಯಲ್ಲಿ ಯಾರೂ ಇರಲಿಲ್ಲ. ಪುಸ್ತಕ ಮುಚ್ಚಲು ಕೈ ಇಟ್ಟು, ಗುರುಗಳನ್ನು ಕೇಳಿಯೇಬಿಟ್ಟಳು.

“ನಿಜ ಹೇಳಿ ಗುರುಗಳೇ. ಅವನು ಬರ್ತಾನಾ?”

ಗುರುಗಳು ಹತ್ತಿರ ಬಂದು ಹಾಳೆಯ ಮೇಲೆ ಬಗ್ಗಿದರು. ಶಾಯಿ ಕಾಗದದ ಮೇಲೇ ನಿಂತಿತ್ತು. ಕೊನೆಯ ಸಾಲು ಇನ್ನೂ ಹಸಿಹಸಿಯಾಗಿ ಹೊಳೆಯುತ್ತಿತ್ತು. ಅವರು ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಒಳ್ಳೆ ಹಾಳೆ ಕಣಮ್ಮ, ಶಾಯಿ ಬೇಗ ಆರೋದಿಲ್ಲ. ತೆರೆದೇ ಇಡು.”