ತಿರುಗಿದಷ್ಟೂ ಕೊಬ್ಬಿದ ತಟ್ಟೆ

ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಉಕ್ಕಿನ ತಂತಿಗೆ ತೂಗುಹಾಕಿದ ಹಿತ್ತಾಳೆ ತಟ್ಟೆಯೊಂದಿತ್ತು. ತಿರುಚಿ ಬಿಟ್ಟರೆ ಅತ್ತಿತ್ತ ತಿರುಗುತ್ತ, ಸುತ್ತು ಸುತ್ತಿಗೂ ದಣಿಯುತ್ತ, ಕೊನೆಗೆ ನಿಂತುಬಿಡುವುದು ಅದರ ಸ್ವಭಾವ. ಆ ದಣಿವನ್ನು ಅಳೆಯುವುದೇ ಅಲ್ಲಿನ ಪ್ರಯೋಗ. ಈ ವರ್ಷವಂತೂ ಯಾರೂ ಅದನ್ನು ಮುಟ್ಟಿರಲಿಲ್ಲ.

ಒಂದು ದಿನ ಹೊಸ ಬೈಂಡು ಹಾಕಿಸಿಕೊಂಡ ರೆಕಾರ್ಡ್ ಪುಸ್ತಕವೊಂದು ಪಕ್ಕದಲ್ಲಿ ಬಂದು ಕೂತಿತು.

"ನಿನ್ನ ಜಾತಕವೆಲ್ಲ ನನ್ನ ಹೊಟ್ಟೆಯಲ್ಲಿದೆ" ಎಂದಿತು ರೆಕಾರ್ಡು.

"ನನ್ನನ್ನು ತಿರುಗಿಸದೆ ಬರೆದ ಪುಣ್ಯಾತ್ಮರು ಯಾರು?"

"ತಿರುಗಿಸುವುದೇಕೆ? ಹೋದ ವರ್ಷದ ರೆಕಾರ್ಡು ಇತ್ತಲ್ಲ! ಕೇಳು: ಮೊದಲ ಸಲ ನೀನು ತಿರುಗಿದ್ದು ಐದು ಡಿಗ್ರಿ, ಆಮೇಲೆ ಹನ್ನೆರಡು, ಕೊನೆಗೆ ಅರುವತ್ತು."

ತಟ್ಟೆಗೆ ನಗು ತಡೆಯಲಾಗಲಿಲ್ಲ. ನಕಲು ಮಾಡಿದ ವಿದ್ಯಾರ್ಥಿ ಮಹಾನುಭಾವ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಇಳಿಸಿಕೊಂಡಿದ್ದ.

"ಭಲೇ! ಲೋಕದಲ್ಲಿ ಎಲ್ಲರೂ ತಿರುಗಿ ತಿರುಗಿ ಸುಸ್ತಾದರೆ, ನಿನ್ನ ಪುಟದಲ್ಲಿ ನಾನೊಬ್ಬನೇ ತಿರುಗಿದಷ್ಟೂ ಕೊಬ್ಬುತ್ತಿದ್ದೇನೆ. ಮೇಷ್ಟ್ರು ಬರಲಿ, ನಿನ್ನ ಮಾನ ಮೂರು ಕಾಸಿಗೆ ಹರಾಜಾಗುತ್ತದೆ."

ಪ್ರಯೋಗಾಲಯದ ಮೇಷ್ಟ್ರು ಶಿವಲಿಂಗಾರಾಧ್ಯರು ಬಂದರು. ರೆಕಾರ್ಡು ಬಿಡಿಸಿ ಮಾರ್ಜಿನ್ ನೋಡಿದರು, ಅಡಿಗೆರೆ ನೋಡಿದರು. "ಅಕ್ಷರ ಮುತ್ತು ಪೋಣಿಸಿದ ಹಾಗಿದೆ!" ಎಂದು ಕೆಂಪು ಶಾಯಿಯಲ್ಲಿ ರುಜು ಹಾಕಿದರು. ಆಮೇಲೆ ತಟ್ಟೆಯತ್ತ ಕೈ ತೋರಿಸಿ ಅಟೆಂಡರನ್ನು ಕರೆದರು.

"ಬಸಪ್ಪಾ, ಇದು ಸುಮ್ಮನೆ ಜಾಗ ತಿನ್ತಿದೆ. ಬಿಚ್ಚಿ ಬೀರುವಿನೊಳಗೆ ಹಾಕು."

"ಕಂಡೆಯಾ?" ಎಂದು ರೆಕಾರ್ಡು ಬೀಗಿತು.

ತಟ್ಟೆಗೆ ಹಳೆಯದೊಂದು ನೆನಪಾಯಿತು: ಈ ಮೇಷ್ಟ್ರೂ ಇದೇ ಕಾಲೇಜಿನಲ್ಲಿ ಓದಿದವರು, ಆ ಮೂರು ವರ್ಷದಲ್ಲಿ ಒಂದು ದಿನವೂ ತನ್ನನ್ನು ಮುಟ್ಟಿದವರಲ್ಲ.