ದುಂಡಮ್ಮನ ಬಾಯ್ಲರು, ಸಿಂಗ್ರನ ಹೊಗೆಕೊಳವೆ

ಸುಮ್ನೆ ಕೂತು ಕೇಳೋದಾದ್ರೆ ಹೇಳ್ತೀನಿ. ನಡುವೆ "ಆಮೇಲೆ? ಆಮೇಲೆ?" ಅಂತ ಪೀಡಿಸಿದ್ರೆ ಎದ್ದು ಹೋಗ್ತೀನಿ, ಅಷ್ಟೆ!

ದುಂಡಮ್ಮ ಅಂತ ಒಬ್ಳು. ಅವಳಿಗೊಬ್ಬ ಮಗ, ಸಿಂಗ್ರ. ಆಳು ಒಳ್ಳೇ ಗಟ್ಟಿಮುಟ್ಟು, ಕೈಕೆಲಸ ಅಚ್ಚುಕಟ್ಟು. ಬುದ್ಧಿ ಹಂಚೋ ಹೊತ್ತಿಗೆ ಮಾತ್ರ ಎಲ್ಲೋ ನಿದ್ದೆ ಮಾಡ್ತಿದ್ದ. "ಹಾಲು ಉಕ್ಕೋದು ನೋಡ್ಲಾ" ಅಂದ್ರೆ ನೋಡ್ತಾ ನಿಂತ್ಕೊಳೋನು, ಪೂರ್ತಿ ಉಕ್ಕಿ ಒಲೆ ಆರೋವರೆಗೂ. "ಅಯ್ಯೋ ನನ್ ಹಣೇಬರಹವೇ!" ಅಂತ ದುಂಡಮ್ಮ ದಿನಕ್ಕೆ ಹತ್ತು ಸಲ ಹಣೆ ಚಚ್ಕೊಳೋಳು.

ಒಬ್ಬ ಮಗಳೂ ಇದ್ಲು, ನಿಂಗಾಜಿ. ಚೊಚ್ಚಲು ಹೆರಿಗೆ, ಆಸ್ಪತ್ರೇಲಿ ಗಂಡುಮಗು ಆಯ್ತು. ಬಾಣಂತನ ತವರಲ್ಲೇ ತಾನೆ? ಆದ್ರೆ ಅವಳ ಅತ್ತೆ ಚಿಕ್ಕತಾಯಮ್ಮ ಇದ್ದಾಳಲ್ಲ, ಮೆಣಸಿನಕಾಯಿ! ಏನಂದ್ಲು ಗೊತ್ತಾ? "ಬೀಗಿತ್ತಿ, ನಿಮ್ ಬಚ್ಚಲುಮನೆ ಹೊಗೆ ನಂಗೊತ್ತು. ಸೋಮವಾರ ತಾಯಿಮಗೂನ ತಂದು ಬಿಡ್ತೀನಿ. ಒಂದೆಳೆ ಹೊಗೆ ಕಂಡ್ರೂ ವಾಪಸ್ ಕರ್ಕೊಂಡು ಹೋಗಿ ಬಾಣಂತನ ನಾನೇ ಮಾಡ್ತೀನಿ!"

ದುಂಡಮ್ಮ ಬಿಟ್ಟಾಳಾ? ಮೊಮ್ಮಗನ್ನ ಕಾಲ ಮೇಲೆ ಮಲಗಿಸ್ಕೊಂಡು ಎಣ್ಣೆ ತಿಕ್ಕಿ ನೀರು ಹಾಕ್ಬೇಕು ಅಂತ ಒಂಬತ್ತು ತಿಂಗಳಿಂದ ಕಾದಿದ್ದವಳು ಅವಳು! ಹಳೇ ಹಂಡೆ ಕೀಳಿಸಿ, ಸೌದೆ ಹಾಕಿ ಕಾಯಿಸೋ ತಾಮ್ರದ ಬಾಯ್ಲರ್ ತಂದ್ಲು. ಅದರ ಜೊತೆ ಹೊಗೆ ಹೋಗೋಕೆ ಒಂದು ದಪ್ಪ ಕೊಳವೆ. ಹೊಗೆ ತಣ್ಣಗಾದ್ರೆ ಕೊಳವೆ ಒಳಗೆ ಕರೀ ನೀರು ತೊಟ್ಟಿಕ್ಕುತ್ತಲ್ಲ, ಅದು ಹರಿಯೋಕೆ ಒಂದು ಸಣ್ಣ ಕೊಳವೆ.

"ಸಿಂಗ್ರ, ದಪ್ಪ ಕೊಳವೆ ಹೊರಗಿರ್ಬೇಕು ಕಣ್ಲಾ" ಅಂದು ದುಂಡಮ್ಮ ಸೌದೆಗೆ ಹೋದ್ಲು. ಬಂದು ನೋಡ್ತಾಳೆ, ಬಚ್ಚಲು ತುಂಬ ಹೊಗೆ! ಕೊಳವೆ? ಅಂಗಳದಲ್ಲಿ ಚಾಪೆ ಹಾಸಿ ಮಲಗಿಸಿದ್ದಾನೆ.

"ಇದೇನ್ಲಾ ಇದು!"

"ಹೊರಗಿರ್ಬೇಕು ಅಂದ್ಯಲ್ಲವ್ವ. ಪೂರ್ತಿ ಹೊರಗೇ ಐತೆ."

"ಥೂ ಪೆದ್ದೇ! ಒಂದು ತುದಿ ಬಾಯ್ಲರಿಗೆ ಸಿಗಿಸು. ಗೋಡೆ ತೂತು ಹೊಡಿ. ಇನ್ನೊಂದು ತುದಿ ನಮ್ಮನೆಯಿಂದ ಆಚೆ ಹಾಕು!"

"ಹಂಗೇ ಆಗ್ಲವ್ವ."

ಸಿಗಿಸ್ದ. ತೂತು ಹೊಡೆದ. ಆಚೆ ಹಾಕ್ದ. ಬಚ್ಚಲಲ್ಲಿ ಒಂಚೂರು ಹೊಗೆ ಇಲ್ಲ! ದುಂಡಮ್ಮ ಹಿಗ್ಗಿ ಹೀರೇಕಾಯಿ ಆದ್ಲು. ಅಷ್ಟರಲ್ಲಿ ಪಕ್ಕದ ಮನೆ ಜಯಕ್ಕ ಕೆಮ್ತಾ ಓಡಿ ಬಂದ್ಲು, ಮುಖ ಎಲ್ಲಾ ಮಸಿ. "ನಿನ್ ಮಗ ನನ್ ಅಡುಗೆಮನೆ ಗೋಡೆ ತೂತು ಹೊಡೆದವ್ನೆ ಕಣೇ!"

"ಅಯ್ಯೋ ನಿನ್ನ! ಆಚೆ ಅಂದ್ರೆ ಜಯಕ್ಕನ ಮನೆಯೇನ್ಲಾ?"

"ಅದು ನಮ್ಮನೆಯಿಂದ ಆಚೆ ಅಲ್ವೇನವ್ವ?"

ಏನ್ ಹೇಳ್ತೀರಿ ಇವನಿಗೆ? ಮಾತು ಸರಿಯಾಗೇ ಐತಲ್ಲ!

"ಮೇಲಕ್ಕೆ ಹಾಕೋ ಮುಟ್ಠಾಳ! ಕೊಳವೆ ಅಂದ್ಮೇಲೆ ಸೂರು ದಾಟಿ ಆಕಾಶ ನೋಡ್ಬೇಕು!"

"ಹಂಗೇ ಆಗ್ಲವ್ವ."

ಜಯಕ್ಕನ ಗೋಡೆ ಮುಚ್ಚಿದ. ದಪ್ಪ ಕೊಳವೇನ ಸೂರು ದಾಟ್ಸಿದ. ಹೊಗೆ ನೆಟ್ಟಗೆ ಮೇಲಕ್ಕೆ! ಆದ್ರೆ ಸಣ್ಣ ಕೊಳವೇನೂ ಕೊಳವೇನೇ ತಾನೆ? ಅದನ್ನೂ ಆಕಾಶಕ್ಕೆ ಎತ್ತಿ ಕಟ್ದ. ಕರೀ ನೀರು ಎತ್ಲಾಗೂ ಹರೀದೆ ಒಲೆಗೇ ಸುರೀತು. ಚೊಯ್ಯ್! ಬೆಂಕಿ ಆರ್ಹೋಯ್ತು.

"ನೀರು ಎಲ್ಲಾದ್ರೂ ಮೇಲಕ್ಕೆ ಹತ್ತುತ್ತೇನ್ಲಾ? ಕೆಳಕ್ಕೆ ಬಿಡು! ಹಿತ್ತಲಲ್ಲಿ ಮೊಣಕಾಲುದ್ದ ಗುಂಡಿ ತೋಡು, ಸುಣ್ಣದ ಕಲ್ಲು ತುಂಬು. ಆ ನೀರು ಬಲೇ ಹುಳಿ, ಗಿಡ ಸುಡುತ್ತೆ; ಸುಣ್ಣ ಅದರ ಹುಳಿ ಮುರಿಯುತ್ತೆ!"

"ಹಂಗೇ ಆಗ್ಲವ್ವ."

ಕೆಳಕ್ಕೆ ಬಿಟ್ಟ. ಗುಂಡಿ ತೋಡ್ದ. ಸುಣ್ಣದ ಕಲ್ಲು ತರೋಕೆ ಹೋದ. ಸೋಮವಾರ ಬೆಳಿಗ್ಗೆ ದುಂಡಮ್ಮ ಸೊಪ್ಪು ಕೀಳೋಕೆ ಹಿತ್ತಲಿಗೆ ಬಂದ್ಲು, ದಬ್ ಅಂತ ಗುಂಡಿಗೆ ಬಿದ್ಲು. ಅಷ್ಟರಲ್ಲಿ ಸಿಂಗ್ರ ಕಲ್ಲು ಹೊತ್ಕೊಂಡು ಬಂದ.

"ಸತ್ತೆ ಕಣೋ! ತೆರೆದಿರೋದು ಕಂಡ್ರೆ ಮುಚ್ಬಾರ್ದೇನ್ಲಾ? ಮಗು ಬರೋ ಮನೆ! ಒಂದೂ ಬಿಡ್ದೆ ಮುಚ್ಚು!"

"ಹಂಗೇ ಆಗ್ಲವ್ವ."

ಗುಂಡಿಗೆ ಕಲ್ಲು ತುಂಬಿ ಮುಚ್ದ. ಕಿಟಕಿ ಮುಚ್ದ. ಉಪ್ಪಿನ ಜಾಡಿ ಮುಚ್ದ. ಸೂರು ಹತ್ತಿ ಹೊಗೆಕೊಳವೆ ತುದಿಗೂ ಒಂದು ಮಡಕೆ ಕವುಚಿದ.

ಮಧ್ಯಾಹ್ನ ಆಟೋ ಬಂತು. ಚಿಕ್ಕತಾಯಮ್ಮ ಇಳಿದ್ಲು. ನಿಂಗಾಜಿ ಇಳಿದ್ಲು. ಬಟ್ಟೆ ಒಳಗೆ ಕೂಸು ಪಿಳಿಪಿಳಿ ಕಣ್ ಬಿಡ್ತಿತ್ತು. ದುಂಡಮ್ಮ ಆರತಿ ಎತ್ತಿ ಕೈ ಚಾಚಿದ್ಲು. ಆಗ ನೋಡಿ, ಬಚ್ಚಲಿಂದ ಗುಪ್ಪಂತ ಹೊಗೆ! ನಡುಮನೆ ತುಂಬ ಹೊಗೆ!

"ಹತ್ತೇ ಆಟೋ!" ಅಂದ್ಲು ಚಿಕ್ಕತಾಯಮ್ಮ. ನಿಂಗಾಜಿ "ಅವ್ವಾ" ಅಂತ ಅತ್ಲು. ಆಟೋ ಹೊರಟೇಹೋಯ್ತು. ದುಂಡಮ್ಮನಿಗೆ ಕೂಸಿನ ಬೆರಳು ಮುಟ್ಟೋಕೂ ಆಗ್ಲಿಲ್ಲ ಕಣ್ರೋ.

ಹೊಸಿಲ ಮೇಲೆ ಕುಸಿದು ಗೋಳೋ ಅಂದ್ಲು. "ಇಲ್ಯಾಕಪ್ಪಾ ಈ ಬಾಯ್ಲರು! ಕೂಸು ಹೋದ ಆ ಬೀಗರ ಮನೇಲಿರ್ಬೇಕಿತ್ತು! ಎಣ್ಣೆ ಹಚ್ಚಿ, ಬಿಸಿ ಬಿಸಿ ನೀರು ಹುಯ್ದು, ತಲೆಗೆ ಬಟ್ಟೆ ಕಟ್ಟಿ, ಬೆಚ್ಚಗೆ ಹೊದಿಸಿ ಮಲಗಿಸ್ಬೇಕಿತ್ತು!"

"ಹಂಗೇ ಆಗ್ಲವ್ವ" ಅಂದ ಸಿಂಗ್ರ. ಅಳೋಳಿಗೆ ಎಲ್ಲಿ ಕೇಳ್ಸುತ್ತೆ?

ಬೀಗರ ಊರು ದೂರ. ಚಿಕ್ಕತಾಯಮ್ಮ ದಾರೀಲಿ ತಂಗಿ ಮನೇಲಿ ಉಳಿದ್ಲು. ಮಾರನೇ ದಿನ ಮಂಗಳವಾರ, ಹಸುಗೂಸನ್ನ ಮನೆ ತುಂಬಿಸ್ಬಾರ್ದು ಅಂತ ಅಲ್ಲೇ ಕೂತ್ಲು. ಆ ಮಂಗಳವಾರವೇ ಸಿಂಗ್ರ ಬಾಯ್ಲರು, ಕೊಳವೆ, ಸುಣ್ಣದ ಕಲ್ಲು ಎಲ್ಲಾನೂ ಟೆಂಪೋಗೆ ಹೇರ್ಕೊಂಡು ಬೀಗರ ಮನೆ ಸೇರಿದ. ಬುಧವಾರ ಬೆಳಿಗ್ಗೆ ದುಂಡಮ್ಮ ಟೆಂಪೋ ಎತ್ಲಾಗೆ ಹೋಯ್ತು ಅಂತ ಕೇಳ್ಕೊಂಡು, ಮಗನ್ನ ಹುಡುಕ್ಕೊಂಡು ಮೊದಲ ಬಸ್ಸಿಗೆ ಹೋಗಿ ಬೀಗರ ಮನೆ ಮುಂದೆ ಇಳೀತಾಳೆ, ಆ ಕಡೆಯಿಂದ ಚಿಕ್ಕತಾಯಮ್ಮನ ಆಟೋನೂ ಬಂತು.

ಬಚ್ಚಲಲ್ಲಿ ಬಾಯ್ಲರು ಗುಡುಗುಡು ಅಂತೈತೆ. ಒಂದೆಳೆ ಹೊಗೆ ಇಲ್ಲ! ದಪ್ಪ ಕೊಳವೆ ಆಕಾಶಕ್ಕೆ, ಮಡಕೆ ಇಲ್ಲ. ಸಣ್ಣ ಕೊಳವೆ ಗುಂಡಿಗೆ. ಚಿಕ್ಕತಾಯಮ್ಮ ಮೂಗಿನ ಮೇಲೆ ಬೆರಳಿಟ್ಲು. "ಪರ್ವಾಗಿಲ್ವೇ ನಿನ್ ಮಗ!"

ಕೋಣೆಗೆ ಹೋಗಿ ನೋಡ್ತಾರೆ, ಬಾಣಂತಿ ಮಂಚದ ಮೇಲೆ ಯಾರೋ ಮಲಗವ್ರೆ! ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೈ ತುಂಬ ಕಂಬಳಿ. ಕಂಬಳಿ ಸರಿಸಿದ್ರೆ ದಪ್ಪ ಮೀಸೆ. ಚಿಕ್ಕತಾಯಮ್ಮನ ಗಂಡ ಮರಿಗೌಡ!

"ಮನೇಲಿ ಇದ್ದದ್ದು ಮಾವ ಒಬ್ರೇ ಕಣವ್ವ" ಅಂದ ಸಿಂಗ್ರ, ಕೈಲಿ ಮೆಣಸಿನ ಕಷಾಯ ಹಿಡ್ಕೊಂಡು.

"ಏಳ್ರೀ! ಸೊಸೆ ಬಂದವ್ಳೆ!" ಅಂತ ಚಿಕ್ಕತಾಯಮ್ಮ ಕಿರುಚಿದ್ಲು.

"ಏಳಲ್ಲ ಕಣೇ! ಮೂವತ್ತು ವರ್ಷದ ಸೊಂಟನೋವು ಒಂದೇ ನೀರಿಗೆ ಹೋಯ್ತು. ನಂಗಿನ್ನೂ ಮೂರು ತಿಂಗಳು ಹಿಂಗೇ ಆಗ್ಬೇಕು!"

ಚಿಕ್ಕತಾಯಮ್ಮ ಗಂಡನ್ನ ನೋಡಿದ್ಲು, ಸೊಸೇನ ನೋಡಿದ್ಲು. ತಡೀಲಾರ್ದೆ ಕಿಸಕ್ಕಂದ್ಲು. "ಬೀಗಿತ್ತಿ, ಈ ಬಾಯ್ಲರು, ನಿನ್ ಮಗಳು, ಮಗು ಎಲ್ಲಾ ಕರ್ಕೊಂಡು ಹೋಗು. ಎರಡೆರಡು ಬಾಣಂತನ ನನ್ ಕೈಲಾಗಲ್ಲಮ್ಮಾ!" ಅಂದು ಕೂಸನ್ನ ದುಂಡಮ್ಮನ ಮಡಿಲಿಗೆ ಹಾಕಿದ್ಲು. ದುಂಡಮ್ಮ ಅಳ್ತಾ ನಗ್ತಾ ಅದರ ಕೆನ್ನೆಗೆ ಲೊಚಲೊಚ ಮುತ್ತಿಟ್ಲು.

"ಸಿಂಗ್ರ, ಬಾಯ್ಲರ್ ಬಿಚ್ಚಿ ಟೆಂಪೋಗೆ ಹಾಕ್ಲಾ. ಆಮೇಲೆ ಬಾಣಂತೀನ ಕಾಲು ನೆಲಕ್ಕೆ ತಾಗ್ದಂಗೆ ಎತ್ಕೊಂಡು ಬಾ" ಅಂದ್ಲು.

"ಹಂಗೇ ಆಗ್ಲವ್ವ!"

ಬಾಯ್ಲರ್ ಹಾಕ್ದ. ಒಳಗೆ ಓಡಿದ. ನಿಂಗಾಜೀನ ದಾಟ್ಕೊಂಡು ಮಂಚದ ಹತ್ರ ಹೋದ. ಮರಿಗೌಡನ್ನ ಕಂಬಳಿ ಸಮೇತ ಎತ್ಕೊಂಡು ಬಂದು ಟೆಂಪೋದಲ್ಲಿ ಕೂರ್ಸಿ, ಮೀಸೆವರೆಗೂ ಹೊದಿಸಿ ಕೂಗಿದ, "ನಡೀಲಿ ಡ್ರೈವರಣ್ಣ, ನಿಧಾನ! ಹಸೀ ಮೈ!"