ಹತ್ತೊಂಬತ್ತು ದಿನದ ದೂರ

“ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದರೂ ಕ್ವೇಸಾರ್, ಅಂದರೆ ಬಹುದೂರದ ಗ್ಯಾಲಕ್ಸಿಯ ಉರಿಯುವ ನಡುಭಾಗ, ಒಂದು ಚುಕ್ಕೆ. ಅದರ ನಡುವಿನ ಬೆಂಕಿಗೂ ಸುತ್ತಲಿನ ಅನಿಲಕ್ಕೂ ಎಷ್ಟು ದೂರ ಅಂತ ನಮಗೆ ಹೇಗೆ ತಿಳಿಯುತ್ತದೆ?” ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

“ಇವತ್ತೊಂದಿನ ಒಂದು ಕೊಡ ನೀರು ತಂದಿಟ್ಟು ಹೋಗ್ರಿ. ನನ್ನ ಎಡಗೈ ಸೋಲ್ತದ.” ಒಬ್ಬ ಹೆಂಡತಿ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಅವನು ಹೂಂ ಅಂದ. ಚಪ್ಪಲಿ ಮೆಟ್ಟಿಕೊಂಡು ಹೊರಟ.

ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಅವನ ಕೆಲಸ. ಓದಿದ್ದು ನಾಲ್ಕನೆಯ ತರಗತಿ. ಕಣ್ಣು ಮಾತ್ರ ಚುರುಕು. ರಾತ್ರಿ ಬೇರೆಯವರು ತೆಗೆದ ಛಾಯಾಚಿತ್ರದ ಗಾಜಿನ ಫಲಕಗಳನ್ನು ಹಗಲು ಅವನು ಭೂತಗನ್ನಡಿಯ ಕೆಳಗಿಟ್ಟು ಅಳೆಯುತ್ತಿದ್ದ. ಫಲಕದಲ್ಲಿ ಒಂದು ಗ್ಯಾಲಕ್ಸಿಯ ಬೆಳಕು ಕಾಮನಬಿಲ್ಲಿನ ಹಾಗೆ ಬಿಡಿಸಿಕೊಂಡು ಹರಡಿರುತ್ತಿತ್ತು. ಅದರ ನಡುವೆಯೂ ಕ್ವೇಸಾರಿನಂಥದೇ ಬೆಂಕಿ. ಒಂದು ಉದ್ದ ಪಟ್ಟಿ, ಅದರ ಮೇಲೆ ಅಲ್ಲಲ್ಲಿ ಗೆರೆ. ಪಟ್ಟಿ ಬೆಂಕಿಯದು. ಗೆರೆ ಅನಿಲದ್ದು.

ಹಿರಿಯ ವಿಜ್ಞಾನಿ ಅವನಿಗೆ ಕಲಿಸಿದ್ದು ಇಷ್ಟೇ: “ಗೆರೆ ದಪ್ಪ ಇದ್ದಷ್ಟೂ ಅನಿಲ ಜೋರಾಗಿ ಸುತ್ತುತ್ತಿದೆ ಅಂತ ತಿಳಕೋ. ಇನ್ನು ದೂರ. ನಡುವೆ ಬೆಂಕಿ ಏಳುತ್ತೆ. ಅನಿಲಕ್ಕೆ ಅದು ಕೂಡಲೇ ಗೊತ್ತಾಗಲ್ಲಪ್ಪ. ಬೆಳಕು ಅಲ್ಲಿಗೆ ಹೋಗಿ ಮುಟ್ಟಬೇಕು, ಆಮೇಲೆ ಗೆರೆ ಬೆಳಗುತ್ತೆ. ಪಟ್ಟಿ ಬೆಳಗಿದ ದಿನ ಬರಕೋ, ಗೆರೆ ಬೆಳಗಿದ ದಿನ ಬರಕೋ. ಮಧ್ಯೆ ಎಷ್ಟು ದಿನವೋ ಅಷ್ಟು ದೂರ.”

ಹನ್ನೊಂದು ವರ್ಷ ಬರೆದುಕೊಂಡ. ಉಣ್ಣಲು ಕೂತರೂ ಅದೇ ಯೋಚನೆ. ಹೆಂಡತಿ ಬಡಿಸುತ್ತ ಅನ್ನುತ್ತಿದ್ದಳು: “ಮೇಲಿನ ಗೆರೆ ಕೂದಲೆಳೆಯಷ್ಟು ದಪ್ಪ ಆದ್ರ ನಿಮಗ ಗೊತ್ತಾಗ್ತದ. ನಾನು ಕಣ್ಣೆದುರಿಗೇ ಸಣ್ಣಗಾದ್ರ ಗೊತ್ತಾಗಲ್ಲ.” ಅವನು ನಗುತ್ತಿದ್ದ. ತಮಾಷೆ ಅಂದುಕೊಂಡಿದ್ದ.

ಆ ದಿನ ಅವನಿಗೆ ಅವಸರ. ಪಟ್ಟಿ ಬೆಳಗಿದೆ ಎಂದು ಮೇಲಿಂದ ಹೇಳಿ ಕಳಿಸಿದ್ದರು. ಹೋದ, ಅಳೆದ, ತಾರೀಕು ಬರೆದ. ಮಧ್ಯಾಹ್ನ ಪಕ್ಕದ ಮನೆಯವಳು ಗುಡ್ಡ ಹತ್ತಿ ಬಂದಳು. ಹೆಂಡತಿ ತಾನೇ ತೊಟ್ಟಿಗೆ ಹೋಗಿ ಕೊಡ ತುಂಬಿಕೊಂಡು ಹೊರಟಿದ್ದಳು. ದಾರಿಯಲ್ಲಿ ಕೊಡ ಇಳಿಸಿ ಕೂತವಳು ಏಳಲಿಲ್ಲ. ಕೊಡ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ನೀರು ಚೆಲ್ಲಿರಲಿಲ್ಲ.

“ಮೊದಲೇ ಏನಾರ ಅಂದಿದ್ಳೇನು?” ಎಂದು ಬಂದವರೆಲ್ಲ ಕೇಳಿದರು.

“ಏನೂ ಅಂದಿಲ್ಲ” ಅಂದ. ಸುಳ್ಳು ಹೇಳಲಿಲ್ಲ. ಅವನಿಗೆ ಏನೂ ಕೇಳಿರಲಿಲ್ಲ.

ತಿಥಿ ಮುಗಿಸಿ ಮತ್ತೆ ಕೆಲಸಕ್ಕೆ ಹೋದ. ಒಂದು ದಿನ ಗೆರೆ ಬೆಳಗಿತು. ತಾರೀಕು ಬರೆದ. ಬೆರಳಿಟ್ಟು ಹಿಂದಕ್ಕೆ ಎಣಿಸಿದ. ಹತ್ತೊಂಬತ್ತು ದಿನ. ಬೆರಳು ಪಟ್ಟಿ ಬೆಳಗಿದ ತಾರೀಕಿನ ಮೇಲೆ ನಿಂತಿತು. ಅವಳು ಹೋದ ತಾರೀಕೂ ಅದೇ. ಬೆರಳು ತೆಗೆಯಲಾಗಲಿಲ್ಲ. ಅವಳು ಎಡಗೈ ಅಂದದ್ದು ಆಗ ಕೇಳಿಸಿತು. ಕೊಡ ಅಂದದ್ದೂ ಕೇಳಿಸಿತು.

ಮರುದಿನ ಬೆಳಿಗ್ಗೆ ತೊಟ್ಟಿಗೆ ಹೋದ. ಒಂದು ಕೊಡ ನೀರು ತಂದು ಅಡುಗೆಮನೆಯಲ್ಲಿಟ್ಟ.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆ ಮಾತು ಹೇಳುವಾಗ ಅವಳು ಎಲ್ಲಿ ನಿಂತಿದ್ದಳು?”

“ಹೊಸ್ತಿಲಲ್ಲಿ,” ಎಂದರು ಗುರು, “ಅವನಿಂದ ಹತ್ತೊಂಬತ್ತು ದಿನ ದೂರದಲ್ಲಿ.”